ಕಾಫಿ ಗಿಡ: ಮಳೆಕಾಡಿನ ಪೊದೆ, ಲ್ಯಾವಿಂಗ್ಟನ್ನಿನ ಹಳೆಯ ಬೆಳೆ

ಕಾಫಿ ಎಂದೊಡನೆ ನಮಗೆಲ್ಲ ನೆನಪಾಗುವುದು ಚಿಕ್ಕಮಗಳೂರು, ಕೊಡಗು. ಆದರೆ ಅರೇಬಿಕಾ ಕಾಫಿಯ ತವರು ಆಫ್ರಿಕಾ. ನೈಋತ್ಯ ಇಥಿಯೋಪಿಯಾದ ಮಳೆಕಾಡು, ದಕ್ಷಿಣ ಸುಡಾನಿನ ಬೋಮಾ ಪ್ರಸ್ಥಭೂಮಿ ಹಾಗೂ ಕೀನ್ಯಾದ ಮಾರ್ಸಬಿಟ್ ಬೆಟ್ಟಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಬಾಬಾಬುಡನ್‌ಗಿರಿಗೆ ಯೆಮೆನ್ನಿನ ಮೂಲಕ ಬಂದದ್ದೂ ಈ ಗಿಡವೇ.

ನಾವಿರುವ ಲ್ಯಾವಿಂಗ್ಟನ್ ಪ್ರದೇಶದಲ್ಲಿ 1899ರಲ್ಲಿ ಆರಂಭವಾದ ಸೇಂಟ್ ಆಸ್ಟಿನ್ಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು ಕಾಫಿ ತೋಟ ಮಾಡಿದ್ದರು. ಆ ತಳಿಗೆ 'ಫ್ರೆಂಚ್ ಮಿಷನ್' ಎಂಬ ಹೆಸರೇ ಉಳಿಯಿತು.

ಗಿಡದ ಲಕ್ಷಣಗಳು: ಇದು ನಮ್ಮ ಕೇಪಳದ ಕುಟುಂಬಕ್ಕೆ ಸೇರಿದ ನಿತ್ಯಹಸಿರು ಪೊದೆ, ಕಾಡಿನಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಹೊಳೆಯುವ ಎಲೆಗಳು ಎದುರುಬದುರಾಗಿದ್ದು, ಅಂಚು ಅಲೆಯಂತಿರುತ್ತದೆ. ಒಣಹವೆಯ ನಂತರ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಮಲ್ಲಿಗೆಯಂತೆ ಪರಿಮಳಿಸುವ ಬಿಳಿ ಹೂ ಅರಳುತ್ತದೆ. ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳಿರುತ್ತವೆ. ಒಂದೇ ಇದ್ದರೆ ಅದು ಗುಂಡಗಿನ 'ಪೀಬೆರಿ'. ರೋಬಸ್ಟಾಕ್ಕೆ 22 ವರ್ಣತಂತುಗಳಾದರೆ ಅರೇಬಿಕಾಕ್ಕೆ 44.

ಕಾಡಿನ ಅರೇಬಿಕಾ ಈಗ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಸಸ್ಯ. ತೋಟದ ಗಿಡಗಳೆಲ್ಲ ಕೆಲವೇ ಬೀಜಗಳ ಸಂತತಿಯಾದ್ದರಿಂದ ಅವುಗಳಲ್ಲಿ ತಳಿವೈವಿಧ್ಯ ಕಡಿಮೆ. ಎಲೆ ತುಕ್ಕು ರೋಗವನ್ನೂ ಹೆಚ್ಚುವ ಬಿಸಿಲನ್ನೂ ತಾಳುವ ಹೊಸ ಗುಣಗಳನ್ನು ಕಾಡಿನ ಗಿಡಗಳಲ್ಲೂ ಹುಡುಕಬೇಕಾಗುತ್ತದೆ. ಹಾಗಾಗಿ ಇಲ್ಲಿನ ಕಾಡು ಅಳಿದರೆ ಊರಿನ ತೋಟಕ್ಕೂ ನಷ್ಟವೇ. ಮಕ್ಕಳಿಗೆ ಕಾಫಿ ಗಿಡ ತೋರಿಸುವಾಗ ಇದನ್ನೂ ತಿಳಿಸೋಣ.