ಮೀನಖಂಡದ ಬಿಗಿತ: ಎಳೆತವೊಂದೇ ಮದ್ದಲ್ಲ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲೂರಿದೊಡನೆ ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ ಹುರಿಗಟ್ಟಿದಂತಾಗುವುದು, ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುವುದು, ಕುಕ್ಕರಗಾಲಿನಲ್ಲಿ ಕುಳಿತರೆ ಹಿಮ್ಮಡಿ ನೆಲ ಮುಟ್ಟದಿರುವುದು - ಇವು ಮೀನಖಂಡದ ಬಿಗಿತದ ಸಾಮಾನ್ಯ ಲಕ್ಷಣಗಳು. ಆಡುಮಾತಿನಲ್ಲಿ ಇದನ್ನು 'ನರ ಹಿಡಿದಿದೆ' ಎನ್ನುವುದು ರೂಢಿ. ಬಹುಪಾಲು ಸಂದರ್ಭಗಳಲ್ಲಿ ಹಿಡಿದಿರುವುದು ನರವಲ್ಲ, ಸ್ನಾಯು. ಆದರೆ ಕೆಲವೊಮ್ಮೆ ಆಡುಮಾತೇ ನಿಜವಾಗಿರುತ್ತದೆ. ಮತ್ತೆ ಕೆಲವೊಮ್ಮೆ ತೊಂದರೆ ಇರುವುದು ರಕ್ತನಾಳದಲ್ಲಿ. ತಿಂಗಳುಗಟ್ಟಲೆ ಎಳೆದರೂ ಸಡಿಲವಾಗದ ಕಾಲಿನ ವಿಷಯದಲ್ಲಿ ಈ ವ್ಯತ್ಯಾಸವನ್ನು ಅರಿಯುವುದು ಮುಖ್ಯ.

ಒಂದಲ್ಲ, ಎರಡು ಸ್ನಾಯು

ಮೀನಖಂಡವು ಮುಖ್ಯವಾಗಿ ಎರಡು ಸ್ನಾಯುಗಳಿಂದಾದದ್ದು. ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರಾಕ್ನೀಮಿಯಸ್ ತೊಡೆಮೂಳೆಯ ಕೆಳತುದಿಯಲ್ಲಿ, ಅಂದರೆ ಮೊಣಕಾಲ ಕೀಲಿನ ಮೇಲ್ಭಾಗದಲ್ಲಿ ಹುಟ್ಟುತ್ತದೆ. ಅದರ ಅಡಿಯಲ್ಲಿರುವ ಸೋಲಿಯಸ್ ಹುಟ್ಟುವುದು ಆ ಕೀಲಿನ ಕೆಳಗೆ. ಎರಡೂ ಸೇರಿ ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಮೊಣಕಾಲು ಮಡಿಸಿದೊಡನೆ ಮೇಲಿನ ಸ್ನಾಯು ಸಡಿಲಗೊಳ್ಳುತ್ತದೆ, ಒಳಗಿನದು ಸಡಿಲವಾಗದು.

ಸ್ವೀಡನ್ನಿನ ಮೂಳೆತಜ್ಞ ನಿಲ್ಸ್ ಸಿಲ್ಫ್‌ವರ್‌ಶೋಲ್ಡ್ ಅವರ ಹೆಸರಿನ ಪರೀಕ್ಷೆ ನಿಂತಿರುವುದು ಇದೇ ತತ್ತ್ವದ ಮೇಲೆ. ಮೊಣಕಾಲು ನೇರವಾಗಿದ್ದಾಗ ಮಾತ್ರ ಪಾದ ಮೇಲಕ್ಕೆ ಬಾಗದಿದ್ದರೆ ಬಿಗಿತ ಹೊರಗಿನ ಸ್ನಾಯುವಿನಲ್ಲಿದೆ. ಮಡಿಸಿದಾಗಲೂ ಬಾಗದಿದ್ದರೆ ಸೋಲಿಯಸ್, ಸ್ನಾಯುರಜ್ಜು ಅಥವಾ ಕಾಲಗಂಟಿನ ಕೀಲನ್ನೇ ಶಂಕಿಸಬೇಕು. ಮನೆಯಲ್ಲೇ ನೋಡಿಕೊಳ್ಳಲು ಸರಳ ವಿಧಾನವೊಂದಿದೆ: ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿರುವಂತೆ ಪಾದವನ್ನಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ಒಂದು ಕಾಲು ತಾಗಿ ಇನ್ನೊಂದು ತಾಗದಿದ್ದರೆ ಆ ಅಂತರವೇ ಮುಂದಿನ ವಾರಗಳ ಅಳತೆಗೋಲು.

ಎಳೆಯುವ ಕ್ರಮ

ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಆ ಮೊಣಕಾಲನ್ನು ನೇರವಾಗಿಟ್ಟುಕೊಂಡು ದೇಹವನ್ನು ಮುಂದಕ್ಕೆ ಒರಗಿಸುವುದು ಎಲ್ಲರಿಗೂ ಗೊತ್ತಿರುವ ವ್ಯಾಯಾಮ. ಇದು ಗ್ಯಾಸ್ಟ್ರಾಕ್ನೀಮಿಯಸ್‌ಗೆ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಸೋಲಿಯಸ್ ಹಾಗೆಯೇ ಉಳಿಯುತ್ತದೆ. ಹಿಂದಿನ ಕಾಲನ್ನು ಸ್ವಲ್ಪ ಹತ್ತಿರಕ್ಕೆ ತಂದು, ಹಿಮ್ಮಡಿ ನೆಲಕ್ಕೆ ಅಂಟಿರುವಂತೆಯೇ ಮೊಣಕಾಲು ಮಡಿಸಿದರೆ ಎಳೆತ ಕೆಳಕ್ಕೆ, ಹಿಮ್ಮಡಿಯ ಕಡೆಗೆ ಇಳಿಯುವುದು ಅನುಭವಕ್ಕೆ ಬರುತ್ತದೆ. ಎರಡರಲ್ಲೂ ಪಾದದ ಬೆರಳುಗಳು ನೇರವಾಗಿ ಮುಂದಕ್ಕಿರಬೇಕು. ಪಾದ ಹೊರಕ್ಕೆ ತಿರುಗಿದರೆ ಅಂಗಾಲಿನ ಕಮಾನು ಕುಸಿದು, ಎಳೆತ ಸ್ನಾಯುವಿಗೆ ತಲುಪದೆ ಪಾದದ ಕೀಲುಗಳಿಗೆ ಹೋಗುತ್ತದೆ. ಜಗ್ಗಿ ಜಗ್ಗಿ ಬಿಡುವುದೂ ಸರಿಯಲ್ಲ.

ಯೋಗಾಭ್ಯಾಸಿಗಳಿಗೆ ಅಧೋಮುಖ ಶ್ವಾನಾಸನ ಮೊದಲನೆಯದರ ಕೆಲಸವನ್ನೂ ತೊಡೆಯ ಹಿಂಭಾಗದ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ, ಹಿಮ್ಮಡಿ ನೆಲ ಮುಟ್ಟದವರಿಗೆ ಗೋಡೆಯ ಆಸರೆ ಕೊಡುವ ರೂಢಿಯಿದೆ. ಕುಕ್ಕರಗಾಲಿನಲ್ಲಿ ಕೂರುವುದು ಸೋಲಿಯಸ್‌ಗೆ ಒಳ್ಳೆಯ ಎಳೆತ.

ಎಷ್ಟು ಹೊತ್ತು? ತೊಡೆಯ ಹಿಂಭಾಗದ ಸ್ನಾಯುಗಳ ಮೇಲೆ 1994ರಲ್ಲಿ ಪ್ರಕಟವಾದ ಬ್ಯಾಂಡಿ ಮತ್ತು ಐರಿಯನ್ ಅವರ ಅಧ್ಯಯನದಲ್ಲಿ 15 ಸೆಕೆಂಡಿಗಿಂತ 30 ಸೆಕೆಂಡ್ ಉತ್ತಮವೆಂದೂ, 30ಕ್ಕೂ 60ಕ್ಕೂ ವ್ಯತ್ಯಾಸವಿಲ್ಲವೆಂದೂ ಕಂಡುಬಂತು. ವೃದ್ಧರಲ್ಲಿ ಮಾತ್ರ 60 ಸೆಕೆಂಡಿನ ಎಳೆತ ಹೆಚ್ಚು ಫಲ ನೀಡಿದ್ದು 2001ರ ಇನ್ನೊಂದು ಅಧ್ಯಯನದಲ್ಲಿದೆ. ಓಟಕ್ಕೆ ಅಥವಾ ಆಟಕ್ಕೆ ಇಳಿಯುವ ಮುನ್ನ ದೀರ್ಘಕಾಲ ಎಳೆದು ನಿಲ್ಲುವುದು ಸ್ನಾಯುವಿನ ಬಲವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಅದಕ್ಕೆ ಚುರುಕು ನಡಿಗೆಯೇ ಸಾಕು.

ಬಿಗಿತ ಮರಳುವುದೇಕೆ?

ಎಳೆದಾಗ ಸ್ನಾಯು ರಬ್ಬರಿನಂತೆ ಉದ್ದವಾಗುತ್ತದೆಂಬ ಕಲ್ಪನೆ ಅಷ್ಟು ಸರಿಯಲ್ಲ. ಕೆಲವೇ ವಾರಗಳ ಅಭ್ಯಾಸದಿಂದ ದೊರೆಯುವ ಸಡಿಲಿಕೆಯ ದೊಡ್ಡ ಪಾಲು, ಎಳೆತವನ್ನು ಸಹಿಸಿಕೊಳ್ಳಲು ನರವ್ಯೂಹ ಕಲಿಯುವುದರಿಂದ ಬರುತ್ತದೆಂದು ವೆಪ್ಲರ್ ಮತ್ತು ಮ್ಯಾಗ್ನುಸನ್ 2010ರಲ್ಲಿ ವಾದಿಸಿದರು. ಅಭ್ಯಾಸ ನಿಂತರೆ ಬಿಗಿತ ಮರಳುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಹೆಚ್ಚಿನವರು ಕಡೆಗಣಿಸುವುದು ಬಲವನ್ನು. ದಿನವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಮಾತ್ರ ಹತ್ತು ಕಿಲೋಮೀಟರ್ ಓಡುವವರ ಮೀನಖಂಡ ಬಿಗಿಯಾಗಿರುವುದಕ್ಕಿಂತ ದಣಿದಿರುವ ಸಂಭವವೇ ಹೆಚ್ಚು. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲ ಮೇಲೆ ನಿಂತು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸುವ ವ್ಯಾಯಾಮ ಎಳೆತವನ್ನೂ ಬಲವನ್ನೂ ಏಕಕಾಲಕ್ಕೆ ಕೊಡುತ್ತದೆ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಅಕಿಲಿಸ್ ನೋವಿನ ಓಟಗಾರರಿಗೆ ಇದನ್ನು ಮೊಣಕಾಲು ನೇರವಾಗಿ ಮತ್ತು ಮಡಿಸಿ, ತಲಾ 15ರ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ ಮಾಡಿಸಿದ್ದರು. ಅಷ್ಟು ಕಠಿಣ ಕ್ರಮ ಎಲ್ಲರಿಗೂ ಬೇಕಿಲ್ಲ. ಇಂಥ ಇಳಿಸುವ ವ್ಯಾಯಾಮಗಳಿಂದ ಕಾಲಿನ ಬಾಗುವಿಕೆಯೂ ಹೆಚ್ಚುತ್ತದೆಂಬುದನ್ನು 2012ರ ಸಮೀಕ್ಷೆಯೊಂದು ದೃಢಪಡಿಸಿದೆ.

ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು ವರ್ಷಗಟ್ಟಲೆ ಧರಿಸುವ ಮಹಿಳೆಯರಲ್ಲಿ ಸ್ನಾಯುವಿನ ಎಳೆಗಳು ಗಿಡ್ಡವಾಗಿ, ಸ್ನಾಯುರಜ್ಜು ಗಡುಸಾಗಿರುವುದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಅಂಥವರು ಒಮ್ಮೆಲೇ ಚಪ್ಪಟೆ ಚಪ್ಪಲಿಗೆ ಬದಲಾಯಿಸದೆ ಹಂತಹಂತವಾಗಿ ಇಳಿಯುವುದು ಲೇಸು.

ರಾತ್ರಿಯ ಸೆಳೆತ

ನಡುರಾತ್ರಿ ಎಚ್ಚರಗೊಳಿಸುವ ಸೆಳೆತ ಬೇರೆಯದೇ ತೊಂದರೆ. ಆ ಕ್ಷಣಕ್ಕೆ ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುವುದೇ ಉಪಾಯ. 55 ವರ್ಷ ಮೀರಿದವರಲ್ಲಿ, ಮಲಗುವ ಮುನ್ನ ಆರು ವಾರ ಕಾಲ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆದದ್ದರಿಂದ ಸೆಳೆತ ಕಡಿಮೆಯಾದದ್ದು 2012ರ ಡಚ್ ಅಧ್ಯಯನದಲ್ಲಿದೆ. ಮೆಗ್ನೀಸಿಯಂ ಮಾತ್ರೆಯಿಂದ ವಯಸ್ಸಾದವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಹಿಂದೆ ಬಳಕೆಯಲ್ಲಿದ್ದ ಕ್ವಿನೈನ್ ಹೃದಯದ ಲಯ ಮತ್ತು ಪ್ಲೇಟ್‌ಲೆಟ್‌ಗಳಿಗೆ ಅಪಾಯಕಾರಿ. ಸೆಳೆತಕ್ಕೆ ಅದನ್ನು ಬಳಸದಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಎಚ್ಚರಿಸಿತು.

ಎಳೆಯಬಾರದ ಕಾಲು

ಸೊಂಟದಿಂದ ಅಥವಾ ಪೃಷ್ಠದಿಂದ ಕೆಳಗಿಳಿಯುವ, ಜೋಮು ಅಥವಾ ಉರಿಯೊಡನೆ ಬರುವ ಬಿಗಿತ ಬೆನ್ನುಹುರಿಯ ಬಳಿಯ ನರದ್ದಾಗಿರಬಹುದು. ಬಲವಾಗಿ ಎಳೆದರೆ ಉಲ್ಬಣಿಸುತ್ತದೆ. ಇಂತಿಷ್ಟು ದೂರ ನಡೆದಾಗ ಹಿಡಿದು, ನಿಂತ ಕೆಲವೇ ನಿಮಿಷಗಳಲ್ಲಿ ಬಿಡುವ ನೋವು ಧೂಮಪಾನಿಗಳಲ್ಲಿ ಮತ್ತು ಮಧುಮೇಹಿಗಳಲ್ಲಿ ಅಪಧಮನಿ ಕಿರಿದಾಗಿರುವುದರ ಸೂಚನೆ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಸೇವಿಸುವವರು ಹೊಸದಾಗಿ ಎರಡೂ ಕಾಲು ನೋಯತೊಡಗಿದರೆ, ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ತುದಿಗಾಲಲ್ಲೇ ನಡೆಯುವ, ಮೀನಖಂಡ ಅಸಹಜವಾಗಿ ದಪ್ಪಗಿರುವ ಗಂಡುಮಗುವಿಗೆ ಸ್ನಾಯುಕ್ಷಯದ ಪರೀಕ್ಷೆ ಅಗತ್ಯ.

ಎಲ್ಲಕ್ಕಿಂತ ಅಪಾಯದ್ದು ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವಿಕೆ. ದೀರ್ಘ ವಿಮಾನ ಅಥವಾ ಬಸ್ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದುದು - ಇವುಗಳ ನಂತರ ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆಯುವುದು ಸಲ್ಲದು. ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಅದೇ ದಿನ ಡಾಪ್ಲರ್ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು; ಜೊತೆಗೆ ಉಸಿರು ಕಟ್ಟುವುದು ಅಥವಾ ಎದೆನೋವು ಕಾಣಿಸಿಕೊಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.