ಕಾರ್ಟಿಸೋನ್ ಚಿಕಿತ್ಸೆಯ ಇತಿಹಾಸ

ಸಂಧಿವಾತ, ಆಸ್ತಮಾ, ಲೂಪಸ್ ಮುಂತಾದ ಉರಿಯೂತದ ಕಾಯಿಲೆಗಳಿಗೆ ಕೊಡುವ ಸ್ಟೀರಾಯ್ಡ್ ಔಷಧಗಳಲ್ಲಿ ಮೊದಲನೆಯದು ಕಾರ್ಟಿಸೋನ್. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರ ಇದರ ತವರು.

ಅಮೆರಿಕದ ರೋಚೆಸ್ಟರ್ ಊರಿನ ಮೇಯೋ ಕ್ಲಿನಿಕ್‌ನಲ್ಲಿದ್ದ ಫಿಲಿಪ್ ಹೆಂಚ್ 1929ರಲ್ಲಿ ಒಂದು ಸಂಗತಿ ಗಮನಿಸಿದರು. ರುಮಟಾಯ್ಡ್ ಸಂಧಿವಾತದ ರೋಗಿಯೊಬ್ಬನಿಗೆ ಕಾಮಾಲೆ ಬಂದೊಡನೆ ಕೀಲುನೋವು ಇಳಿದಿತ್ತು. ಬಸುರಿಯರಲ್ಲೂ ನೋವು ಹೀಗೇ ತಗ್ಗುತ್ತಿತ್ತು. ವಾಸಿಯಾಗದ ರೋಗವೆಂದು ವೈದ್ಯರು ಕೈಚೆಲ್ಲಿದ್ದ ಕಾಲವದು. ಇದಕ್ಕೆ ಮದ್ದು ದೇಹದೊಳಗೇ ಇರಬೇಕೆಂದು ಹೆಂಚ್ ಸುಮಾರು ಇಪ್ಪತ್ತು ವರ್ಷ ಹುಡುಕಿದರು. ರೋಗಿಯ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡದ್ದೇ ಈ ಶೋಧದ ಬೇರು. ಅಲ್ಲಿಯೇ ಇದ್ದ ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಖ್‌ಸ್ಟೈನ್ ದನಗಳ ಅಡ್ರಿನಲ್ ಗ್ರಂಥಿಗಳಿಂದ ಹಲವು ಹಾರ್ಮೋನುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ, ಮುಂದೆ ಕಾರ್ಟಿಸೋನ್ ಎನಿಸಿಕೊಂಡ ‘ಕಾಂಪೌಂಡ್ ಇ’ಯನ್ನು ಮರ್ಕ್ ಕಂಪನಿಯ ಲೂಯಿಸ್ ಸಾರೆಟ್ 1944ರಲ್ಲಿ ದನದ ಪಿತ್ತರಸದ ಆಮ್ಲದಿಂದ ತಯಾರಿಸಿದರು.

1948ರ ಸೆಪ್ಟೆಂಬರ್ 21ರಂದು ಸಂಧಿವಾತದಿಂದ ನರಳುತ್ತಿದ್ದ 29 ವರ್ಷದ ಹೆಂಗಸೊಬ್ಬಳಿಗೆ ಇದರ ಮೊದಲ ಚುಚ್ಚುಮದ್ದು ಬಿತ್ತು. ಆಕೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತು. ವಾಸಿಯಾಗದೆ ಮನೆಗೆ ಹೋಗುವುದಿಲ್ಲವೆಂದು ಆಸ್ಪತ್ರೆಯಲ್ಲೇ ಉಳಿದಿದ್ದಳು. ದಿನಕ್ಕೆ 100 ಮಿಲಿಗ್ರಾಂ ಔಷಧ. ಕೆಲವೇ ದಿನಗಳಲ್ಲಿ ಎದ್ದು ನಡೆದಳು, ವಾರದ ಹೊತ್ತಿಗೆ ಪೇಟೆಗೆ ಹೋಗಿ ಸಾಮಾನು ಕೊಂಡು ಬಂದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು.

ಆದರೆ ಆ ಪ್ರಮಾಣ ದೇಹ ತಾನೇ ತಯಾರಿಸುವುದಕ್ಕಿಂತ ಹಲವು ಪಟ್ಟು ಹೆಚ್ಚು. ರೋಗಿಗಳ ಮುಖ ಚಂದ್ರನಂತೆ ದುಂಡಗಾಯಿತು, ಮೂಳೆ ಸವೆಯಿತು, ಸಕ್ಕರೆ ಏರಿತು, ಕೆಲವರ ಮನಸ್ಸೂ ಕದಡಿತು. ಔಷಧ ನಿಲ್ಲಿಸಿದರೆ ನೋವು ಮರಳುತ್ತಿತ್ತು. ಉರಿಯೂತವನ್ನು ಅಡಗಿಸುತ್ತದೆ, ರೋಗದ ಬೇರು ಕೀಳುವುದಿಲ್ಲ ಎಂಬುದು ಆಗ ಮನದಟ್ಟಾಯಿತು.

ಮುಂದಿನ ಕೆಲಸ ಬಹುಮಟ್ಟಿಗೆ ಈ ಹಾನಿಯನ್ನೂ ಔಷಧದ ಬೆಲೆಯನ್ನೂ ತಗ್ಗಿಸುವುದೇ. 1952ರಲ್ಲಿ ಅಪ್‌ಜಾನ್ ಕಂಪನಿ ರೈಜೋಪಸ್ ಎಂಬ ಬೂಷ್ಟಿನಿಂದ ತಯಾರಿಕೆಯ ಕಠಿಣ ಹಂತವನ್ನು ಮಾಡಿಸಿತು; ಬೆಲೆ ಇಳಿಯಿತು. ಅದೇ ವರ್ಷ ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಬಂತು, 1955ರಲ್ಲಿ ಪ್ರೆಡ್ನಿಸೋನ್. 1970ರ ದಶಕದಲ್ಲಿ ಬಂದ ಬೆಕ್ಲೊಮೆಥಾಸೋನ್ ಇನ್‌ಹೇಲರ್ ಔಷಧವನ್ನು ನೇರ ಶ್ವಾಸಕೋಶಕ್ಕೇ ಮುಟ್ಟಿಸಿದ್ದರಿಂದ ಆಸ್ತಮಾ ರೋಗಿಗಳ ಬದುಕೇ ಬದಲಾಯಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು ತಗ್ಗಿದ್ದನ್ನು ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ.

ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಅಡ್ರಿನಲ್ ಗ್ರಂಥಿ ಮಂಕಾಗಿರುತ್ತದೆ; ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.