ಪೀಣ್ಯದ ಶೆಡ್ಡಿನಲ್ಲಿ ನಡೆದ ಪರೀಕ್ಷೆ



ಹೊಸದಾಗಿ ಬೆಸುಗೆ ಹಾಕಿದ ಸರ್ಕ್ಯೂಟ್ ಬೋರ್ಡಿಗೆ ಅನುಭವಸ್ಥ ರೇಡಿಯೋ ಮೆಕ್ಯಾನಿಕ್ ನೇರವಾಗಿ ಕರೆಂಟು ಕೊಡುವುದಿಲ್ಲ. ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ: ಬೆಸುಗೆ ಪಕ್ಕದ ಗೆರೆಗೆ ಹರಿದಿದೆಯೇ, ಡಯೋಡು ತಿರುಗಿ ಕೂತಿದೆಯೇ? ಬಳಿಕ ಮಲ್ಟಿಮೀಟರ್ ಹಿಡಿದು ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ. ಆಮೇಲೆ ಸೀರೀಸ್ ಬಲ್ಬಿನ ಮೂಲಕ ಕರೆಂಟು. ಬಲ್ಬು ಜೋರಾಗಿ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ. ಆದರೂ ಬಲ್ಬು ಕರೆಂಟನ್ನು ಹಿಡಿದಿಡುವುದರಿಂದ ಬೋರ್ಡು ಉಳಿಯುತ್ತದೆ.

ಅಂಗಡಿಯಲ್ಲಿ ಕೆಟ್ಟರೆ ಮತ್ತೆ ಬಿಚ್ಚಬಹುದು. ಬಿಚ್ಚಲು ಕೈಗೇ ಸಿಗದ ಕಡೆ ಹೋಗುವ ಬೋರ್ಡಿನ ಗತಿಯೇನು? ನಮ್ಮ ದೇಶಕ್ಕೆ ಈ ಪ್ರಶ್ನೆ ಎದುರಾದದ್ದು ಬೆಂಗಳೂರಿನ ಪೀಣ್ಯದಲ್ಲಿ.

1972ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು. ಉಪಗ್ರಹವನ್ನು ನಾವು ಕಟ್ಟಬೇಕು, ಅವರು ಹಾರಿಸಿಕೊಡಬೇಕು. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ 'ಆರ್ಯಭಟ' ಸಿದ್ಧವಾಯಿತು.

ಉಪಗ್ರಹದ ಬೋರ್ಡು ಮೇಜಿನ ಮೇಲೆ ಕೆಲಸ ಮಾಡಿದರೆ ಸಾಲದು. ರಾಕೆಟ್ ಏರುವಾಗಿನ ನಡುಕಕ್ಕೆ ಸಡಿಲ ಬೆಸುಗೆ ಬಿಟ್ಟುಕೊಳ್ಳುತ್ತದೆ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸುತ್ತುವಾಗ ಲೋಹ ಹಿಗ್ಗಿ ಕುಗ್ಗುತ್ತದೆ. ಬಿಡಿಭಾಗದ ಬಿಸಿಯನ್ನು ಒಯ್ಯಲು ಅಲ್ಲಿ ಗಾಳಿಯೂ ಇಲ್ಲ. ಹಾಗಾಗಿ ನೆಲದ ಮೇಲೇ ಅದನ್ನು ನಡುಗಿಸಬೇಕು, ಕಾಯಿಸಬೇಕು, ತಣಿಸಬೇಕು, ಗಾಳಿ ತೆಗೆದ ಕೋಣೆಯಲ್ಲಿಟ್ಟು ನೋಡಬೇಕು. ಕೆಡುವುದಿದ್ದರೆ ಇಲ್ಲೇ ಕೆಡಲಿ ಎಂಬುದೇ ಪರೀಕ್ಷೆಯ ಉದ್ದೇಶ.

1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ 360 ಕಿಲೋ ತೂಕದ ಆರ್ಯಭಟ ಮೇಲೇರಿತು. ಸಂಕೇತಗಳು ಬಂದವು, ದೇಶ ಹಿಗ್ಗಿತು. ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ಮೂರೂ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಹಳೆಯ ಎರಡು ರೂಪಾಯಿ ನೋಟಿನ ಮೇಲೆ ಆರ್ಯಭಟವನ್ನು ಕಂಡಿದ್ದ ನಮ್ಮಲ್ಲಿ ಎಷ್ಟೋ ಮಂದಿಗೆ ಈ ಮಾತು ಗೊತ್ತಿಲ್ಲ. ಪರೀಕ್ಷೆಯಲ್ಲಿ ಪಾಸಾಯಿತೆಂದರೆ ದೋಷವೇ ಇಲ್ಲವೆಂದಲ್ಲ, ಹುಡುಕಿದ ಕಡೆ ಸಿಗಲಿಲ್ಲವೆಂದಷ್ಟೇ.

ಅದಕ್ಕೇ ಹುಡುಕಾಟ ನಿಲ್ಲಲಿಲ್ಲ. 1981ರ 'ಆ್ಯಪಲ್' ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಫೋಟೋ ನೀವು ನೋಡಿರಬಹುದು. ಲಾರಿಗೆ ದುಡ್ಡಿರಲಿಲ್ಲವೆಂದು ಕೆಲವರು ತಿಳಿದಿದ್ದಾರೆ. ನಿಜವಾಗಿ ಅದು ಆಂಟೆನಾ ಪರೀಕ್ಷೆ. ಲೋಹದ ವಾಹನ ರೇಡಿಯೋ ಅಲೆಗಳಿಗೆ ಅಡ್ಡಿಯಾಗುತ್ತದೆ, ಮರದ ಗಾಡಿ ಆಗುವುದಿಲ್ಲ. ಅಂದು ಬೇಕಾಗಿದ್ದ ಉಪಕರಣ ಎತ್ತಿನ ಗಾಡಿಯೇ ಆಗಿತ್ತು!